ಶಾಲಾ ಕಂಪ್ಯೂಟರಿನಲ್ಲಿ ನಮ್ಮ ಮಕ್ಕಳ ಗುರುತು: 65,536ರ ಮಿತಿ ದಾಟಿದ ಬಗೆ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಂಪ್ಯೂಟರ್ ಕೊಠಡಿಯಲ್ಲಿ ಕಲಿಯುವುದು ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶದ ಮೇಲೆ. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಸಂಸ್ಥೆಯಾಯಿತು. ಉಬುಂಟುವನ್ನು ಆಧರಿಸಿ ಕೈಟ್ ಸಿದ್ಧಪಡಿಸಿದ ವ್ಯವಸ್ಥೆಯನ್ನು ಮನೆಯ ಕಂಪ್ಯೂಟರಿನಲ್ಲಿಯೂ ಉಚಿತವಾಗಿ ಅಳವಡಿಸಿಕೊಳ್ಳಬಹುದು.

ಹಾಗೆ ಅಳವಡಿಸಿಕೊಂಡ ಮನೆಗಳಲ್ಲಿ ಒಂದು ತೊಡಕು ಎದುರಾಗುವುದುಂಟು. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಹೊಸದಕ್ಕೆ ಜೋಡಿಸಿದಾಗ ಮಗು ಮಾಡಿಟ್ಟ ಪ್ರಾಜೆಕ್ಟಿನ ಕಡತದ ಮೇಲೆ ಬೀಗದ ಚಿಹ್ನೆ ಕಾಣಿಸುತ್ತದೆ. ಕಡತ ಹಾಳಾಯಿತೆಂದು ಭಾವಿಸಿ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿದರೆ ವರ್ಷದ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಆದುದರಿಂದ ಈ ಬೀಗದ ಹಿಂದಿರುವ ಲೆಕ್ಕಾಚಾರವನ್ನು ತಿಳಿದಿರುವುದು ಒಳ್ಳೆಯದು.

ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಅದು ಬಳಕೆದಾರರನ್ನು ಹೆಸರಿನಿಂದ ಗುರುತಿಸುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಇರುತ್ತದೆ. ಕಡತದ ಒಡೆಯರಾರೆಂಬುದನ್ನೂ ಡಿಸ್ಕಿನಲ್ಲಿ ಆ ಸಂಖ್ಯೆಯಾಗಿಯೇ ಬರೆಯಲಾಗುತ್ತದೆ. ಉಬುಂಟುವಿನಲ್ಲಿ ಮೊದಲು ಖಾತೆ ತೆರೆದವರ ಸಂಖ್ಯೆ 1000, ಅನಂತರದವರದು 1001. ಸೊನ್ನೆ ಎಂಬ ಸಂಖ್ಯೆ ಮಾತ್ರ ಸರ್ವಾಧಿಕಾರವುಳ್ಳ ನಿರ್ವಾಹಕರಿಗೆ ಮೀಸಲು.

ಈ ಸಂಖ್ಯೆಯನ್ನು ಬರೆಯಲು ಎಷ್ಟು ಜಾಗ ಬೇಕೆಂಬ ಪ್ರಶ್ನೆಗೆ ದೀರ್ಘ ಇತಿಹಾಸವಿದೆ. ಲಿನಕ್ಸಿಗೆ ಮಾದರಿಯಾದ ಯೂನಿಕ್ಸ್ ವ್ಯವಸ್ಥೆಯ 1975ರ ಆರನೆಯ ಆವೃತ್ತಿಯಲ್ಲಿ 8 ಬಿಟ್‌ಗಳ ಜಾಗವಿತ್ತು. ಅಂದರೆ 256 ಸಂಖ್ಯೆಗಳು ಮಾತ್ರ. 1979ರ ಏಳನೆಯ ಆವೃತ್ತಿಯಲ್ಲಿ ಅದು 16 ಬಿಟ್‌ಗಳಾಗಿ 65,536 ಸಂಖ್ಯೆಗಳಿಗೆ ಅವಕಾಶವಾಯಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದಾಗಲೂ ಸಾಮಾನ್ಯ ಪಿಸಿಗಳಿಗೆ ಇದೇ ಅಳತೆ ಸಾಕೆನಿಸಿತ್ತು. ಆದರೆ ದೊಡ್ಡ ವಿಶ್ವವಿದ್ಯಾಲಯಗಳಿಗೆ ವರ್ಷವರ್ಷವೂ ಸಾವಿರಾರು ವಿದ್ಯಾರ್ಥಿಗಳು ಸೇರುತ್ತಾರೆ. ಬಿಟ್ಟುಹೋದವರ ಸಂಖ್ಯೆಯನ್ನು ಹೊಸಬರಿಗೆ ಕೊಟ್ಟರೆ ಹಳಬರ ಕಡತಗಳೂ ಅವರ ಪಾಲಾಗುತ್ತವೆ. ಹೀಗಾಗಿ 65,536 ಕೂಡ ಸಾಲದಾಯಿತು.

ಸಾಲದಿದ್ದರೆ ಏನಾಗುತ್ತದೆ? ಶಾಲೆಯ ದಾಖಲಾತಿ ಪುಸ್ತಕದಲ್ಲಿ ಸಂಖ್ಯೆ ಬರೆಯಲು ನಾಲ್ಕೇ ಮನೆಗಳಿವೆ ಎಂದುಕೊಳ್ಳೋಣ. 9999ರ ಬಳಿಕ ಬಂದ ಮಗುವಿನ ಸಂಖ್ಯೆ 10000. ಮನೆಗಳಲ್ಲಿ ಹಿಡಿಯುವುದು ಮಾತ್ರ 0000. ಸೊನ್ನೆ ಮುಖ್ಯೋಪಾಧ್ಯಾಯರ ಸಂಖ್ಯೆಯಾಗಿದ್ದರೆ, ಅಂದೇ ಸೇರಿದ ಮಗುವಿನ ಕೈಗೆ ಕಚೇರಿಯ ಬೀಗದ ಕೈ ಬಂದಂತೆ. 16 ಬಿಟ್‌ಗಳ ಜಾಗದಲ್ಲಿ 65,536 ಎಂದು ಬರೆದರೆ ಉಳಿಯುವುದೂ ಸೊನ್ನೆಯೇ.

2001ರ ಜನವರಿಯಲ್ಲಿ ಹೊರಬಂದ ಲಿನಕ್ಸ್ 2.4 ಕರ್ನೆಲ್ ಈ ಜಾಗವನ್ನು 32 ಬಿಟ್‌ಗಳಿಗೆ ಹಿಗ್ಗಿಸಿತು. ಈಗ ದೊರೆಯುವ ಸಂಖ್ಯೆಗಳು 429 ಕೋಟಿಗೂ ಅಧಿಕ. ಹಿಗ್ಗಿಸುವ ಕಾರ್ಯಕ್ಕಿಂತ ಹಳೆಯದನ್ನು ಕಾಪಾಡುವ ಕಾರ್ಯವೇ ಕಠಿಣವಾಗಿತ್ತು. 16 ಬಿಟ್‌ಗಳನ್ನಷ್ಟೇ ಬಲ್ಲ ಹಳೆಯ ಕಾರ್ಯಕ್ರಮಗಳಿಗಾಗಿ ಹಳೆಯ ಕರೆಗಳನ್ನು ಹಾಗೆಯೇ ಉಳಿಸಿ, ಅವುಗಳ ಪಕ್ಕದಲ್ಲಿ ಹೊಸ ಕರೆಗಳನ್ನು ಸೇರಿಸಲಾಯಿತು. ಹಳೆಯ ಕಾರ್ಯಕ್ರಮವು ದೊಡ್ಡ ಸಂಖ್ಯೆಯೊಂದನ್ನು ಕೇಳಿದರೆ ಕರ್ನೆಲ್ ಅದನ್ನು ಕತ್ತರಿಸಿ ಕೊಡುವುದಿಲ್ಲ. 65534 ಎಂದು ಉತ್ತರಿಸುತ್ತದೆ. ಉಬುಂಟುವಿನಲ್ಲಿ ಈ ಸಂಖ್ಯೆಯ ಖಾತೆಗೆ ‘ಯಾರೂ ಅಲ್ಲ’ ಎಂಬ ಅರ್ಥದ ಹೆಸರಿದೆ, ವಿಶೇಷ ಅಧಿಕಾರವೇನೂ ಇಲ್ಲ. ಹೀಗೆ ಯಾರೂ ಆಕಸ್ಮಿಕವಾಗಿ ಸೊನ್ನೆಯಾಗದಂತೆ ನೋಡಿಕೊಳ್ಳಲಾಯಿತು. ಅಂದು ಬಳಕೆಯಲ್ಲಿದ್ದ ಇಎಕ್ಸ್‌ಟಿ2 ಕಡತ ವ್ಯವಸ್ಥೆಯಲ್ಲಿ ಖಾಲಿ ಉಳಿದಿದ್ದ ಜಾಗದಲ್ಲಿ ಸಂಖ್ಯೆಯ ಉಳಿದರ್ಧವನ್ನು ಬರೆದುದರಿಂದ ಡಿಸ್ಕುಗಳನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸುವ ಅಗತ್ಯವೂ ಬೀಳಲಿಲ್ಲ.

ವ್ಯವಸ್ಥೆಯೊಂದು ಬೆಳೆಯುವಾಗ ಮೊದಲಿನಿಂದ ಇದ್ದವರನ್ನು ಹೊರಗಿಡದೆ ಬೆಳೆಯಬಹುದೆಂಬುದಕ್ಕೆ ಇದೊಂದು ನಿದರ್ಶನ. ಗಡಿನಾಡಿನ ನಮಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಇನ್ನು ಬೀಗ ಬಿದ್ದ ಕಡತದ ವಿಚಾರ. ಹಳೆಯ ಕಂಪ್ಯೂಟರಿನಲ್ಲಿ ಮಗುವಿನ ಸಂಖ್ಯೆ 1001 ಆಗಿದ್ದು ಹೊಸದರಲ್ಲಿ 1000 ಆಗಿದ್ದರೆ, ಹೆಸರು ಒಂದೇ ಆಗಿದ್ದರೂ ಕರ್ನೆಲ್ ಪಾಲಿಗೆ ಇಬ್ಬರೂ ಬೇರೆ. ಟರ್ಮಿನಲ್‌ನಲ್ಲಿ ಐ, ಡಿ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಸಣ್ಣಕ್ಷರದಲ್ಲಿ ಬರೆದು ಎಂಟರ್ ಒತ್ತಿದರೆ ನಿಮ್ಮ ಸಂಖ್ಯೆ ಕಾಣಿಸುತ್ತದೆ. ಅದು ಕಡತದ ಒಡೆಯರ ಸಂಖ್ಯೆಗೆ ಹೊಂದದಿದ್ದರೆ ನಿರ್ವಾಹಕರ ಅಧಿಕಾರ ಬಳಸಿ ಒಡೆತನವನ್ನು ಬದಲಾಯಿಸಬಹುದು; ಶಾಲೆಯ ಐಟಿ ಶಿಕ್ಷಕರ ನೆರವನ್ನೂ ಕೇಳಬಹುದು. ಅಲ್ಲಿಯವರೆಗೆ ದಯವಿಟ್ಟು ಡಿಸ್ಕನ್ನು ಫಾರ್ಮ್ಯಾಟ್ ಮಾಡದಿರಿ. ಮಗುವಿನ ಕೆಲಸ ಅದರಲ್ಲಿ ಸುರಕ್ಷಿತವಾಗಿಯೇ ಇರುತ್ತದೆ.