ಗುಜರಿ ಮೈಕ್ರೋವೇವಿನಿಂದ ವೆಲ್ಡಿಂಗ್ ಮಷೀನು

ಕೆಟ್ಟ ಮೈಕ್ರೋವೇವ್ ಓವನ್ ಗುಜರಿ ಅಂಗಡಿಗೆ ಬಂದರೆ ಅದರ ಬಾಗಿಲನ್ನೋ ಬಟನ್ನುಗಳನ್ನೋ ಯಾರೂ ಕೇಳುವುದಿಲ್ಲ. ಗಿರಾಕಿ ಇರುವುದು ಒಳಗೆ ಮೂಲೆಯಲ್ಲಿ ಕೂತ ನಾಲ್ಕೈದು ಕಿಲೋ ತೂಕದ ಟ್ರಾನ್ಸ್‌ಫಾರ್ಮರಿಗೆ. ಕೆಲವರಿಗೆ ಅದರ ತಾಮ್ರದ ಆಸೆ (ಈಚಿನವುಗಳಲ್ಲಿ ಬಿಚ್ಚಿ ನೋಡಿದರೆ ಎಷ್ಟೋ ಸಲ ಅಲ್ಯೂಮಿನಿಯಂ ಇರುತ್ತದೆ). ಇನ್ನು ಕೆಲವರು ವಿಡಿಯೊ ನೋಡಿಕೊಂಡು ಬಂದ ಹುಡುಗರು. ಅವರಿಗೆ ಬೇಕಾದ್ದು ಒಂದಲ್ಲ, ಎರಡು. ಎರಡು ಸಿಕ್ಕರೆ ಮನೆಯಲ್ಲೇ ಆರ್ಕ್ ವೆಲ್ಡಿಂಗ್ ಮಷೀನು ತಯಾರು ಎಂಬುದು ಅವರ ಲೆಕ್ಕ.

ಲೆಕ್ಕ ತಪ್ಪಲ್ಲ. ಮಷೀನು ಆಗುತ್ತದೆ, ಕಿಡಿಯೂ ಹಾರುತ್ತದೆ. ಆದರೆ ನೋಡುವವರು ಹೆದರುವುದು ಕಿಡಿಗೆ, ಜೀವ ಹೋಗುವುದು ಬೇರೆ ಕಡೆ.

ಆರ್ಕ್ ವೆಲ್ಡಿಂಗ್ ಹೊಸ ವಿದ್ಯೆಯೇನಲ್ಲ. ಎರಡು ಇದ್ದಿಲ ಕಡ್ಡಿಗಳ ನಡುವೆ ಕರೆಂಟು ಹರಿಸಿ ಕಣ್ಣು ಕೋರೈಸುವ ಬೆಳಕು ತರಿಸಬಹುದೆಂದು ಇಂಗ್ಲೆಂಡಿನ ಹಂಫ್ರಿ ಡೇವಿ 19ನೇ ಶತಮಾನದ ಆರಂಭದಲ್ಲೇ ತೋರಿಸಿದ್ದ. 1880ರ ದಶಕದಲ್ಲಿ ರಷ್ಯನ್ ಸಾಮ್ರಾಜ್ಯದ ನಿಕೊಲಾಯ್ ಬೆನಾರ್ಡೋಸ್ ಅದೇ ಬಿಸಿಯಲ್ಲಿ ಲೋಹ ಬೆಸೆದ. 1888ರಲ್ಲಿ ನಿಕೊಲಾಯ್ ಸ್ಲಾವ್ಯಾನೋವ್ ಇದ್ದಿಲ ಬಿಟ್ಟು ಕರಗುವ ಲೋಹದ ಕಡ್ಡಿಯನ್ನೇ ಹಿಡಿದ. ಆ ಕಡ್ಡಿಗೆ ಲೇಪನ ಕೊಟ್ಟು, ಸುಡುವಾಗ ಹೊರಡುವ ಅನಿಲ ಮತ್ತು ಕಿಟ್ಟ ಬೆಸುಗೆಯನ್ನು ಗಾಳಿಯಿಂದ ಕಾಪಾಡುವಂತೆ ಮಾಡಿದವನು ಸ್ವೀಡನ್ನಿನ ಆಸ್ಕರ್ ಶೆಲ್‌ಬೆರ್ಗ್. ಇವತ್ತು ಗೇಟು ಮಾಡುವ ಅಂಗಡಿಯಲ್ಲಿ ಹತ್ತು ನಂಬರು, ಹನ್ನೆರಡು ನಂಬರು ಎಂದು ಕೇಳಿ ಕೊಳ್ಳುವ ರಾಡು ಅದೇ ವಂಶದ್ದು.

ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು. ಆರ್ಕಿನ ಬಿಸಿ ಅದರ ಮೂರು ನಾಲ್ಕು ಪಟ್ಟು. ಈ ಬಿಸಿಗೆ ಬೇಕಾದ್ದು ಹೆಚ್ಚು ವೋಲ್ಟ್ ಅಲ್ಲ, ಹೆಚ್ಚು ಆಂಪಿಯರ್. ಆರ್ಕ್ ಹತ್ತಿಕೊಳ್ಳಲು 50ರಿಂದ 80 ವೋಲ್ಟ್ ಸಾಕು. ಹತ್ತಿದ ಮೇಲೆ 20-25 ವೋಲ್ಟಿನಲ್ಲೇ ಉರಿಯುತ್ತದೆ. ಆದರೆ 2.5 ಮಿಲಿಮೀಟರ್ ರಾಡಿಗೆ 60ರಿಂದ 90 ಆಂಪಿಯರ್, 3.15 ಮಿಲಿಮೀಟರಿನದಕ್ಕೆ ನೂರರ ಆಸುಪಾಸು ಹರಿಯಬೇಕು. ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಮಾಡುವುದು ಇದರ ತದ್ವಿರುದ್ಧ. 230 ವೋಲ್ಟನ್ನು ಎರಡು ಸಾವಿರ ವೋಲ್ಟಿನ ಆಸುಪಾಸಿಗೆ ಏರಿಸಿ, ಅರ್ಧ ಆಂಪಿಯರಿನಷ್ಟು ಕರೆಂಟು ಕೊಡುತ್ತದೆ.

ಹಾಗಾಗಿ ಮನೆಯಲ್ಲಿ ಮಾಡುವವರು ಅದರ ತೆಳು ತಂತಿಯ ಸೆಕೆಂಡರಿ ಸುರುಳಿಯನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ದಪ್ಪನೆಯ ಕೇಬಲ್ ಸುತ್ತುತ್ತಾರೆ. ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ವೋಲ್ಟ್. ಕಬ್ಬಿಣದ ಕಿಂಡಿಯಲ್ಲಿ ಇಪ್ಪತ್ತು ಚಿಲ್ಲರೆ ಸುತ್ತು ತೂರಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಅದಕ್ಕೇ ಎರಡು ಟ್ರಾನ್ಸ್‌ಫಾರ್ಮರು: ಎರಡರ ಸೆಕೆಂಡರಿಯನ್ನು ಸೀರೀಸಿನಲ್ಲಿ ಜೋಡಿಸಿದರೆ 40-50 ವೋಲ್ಟ್. ತುದಿಗಳು ಅದಲುಬದಲಾದರೆ ಒಂದು ಇನ್ನೊಂದನ್ನು ಹೊಡೆದುಹಾಕಿ ಮೀಟರು ಸೊನ್ನೆ ತೋರಿಸುತ್ತದೆ. ಸುತ್ತುವಾಗ ಕಬ್ಬಿಣದ ಚೂಪು ಅಂಚಿಗೆ ಕೇಬಲಿನ ಹೊದಿಕೆ ತರಚುವುದು, ಪಕ್ಕದಲ್ಲೇ ಇರುವ, 230 ವೋಲ್ಟ್ ಬರುವ ಪ್ರೈಮರಿ ಸುರುಳಿಯ ವಾರ್ನಿಷ್ ಗೀಚಿಹೋಗುವುದು ಇಲ್ಲೇ. ಅಪಾಯದ ಬೀಜ ಬೀಳುವ ಜಾಗ ಅದು. ಪ್ರೈಮರಿಯ ಗೀಚಿದ ಜಾಗ ಕಬ್ಬಿಣಕ್ಕೆ ತಾಗಿತೆಂದರೆ ಮಷೀನಿನ ಮೈಗೆಲ್ಲ 230 ವೋಲ್ಟ್ ಬಂತು.

ಇನ್ನೊಂದು ಕೊರತೆಯೂ ಇದೆ. ಅಂಗಡಿಯ ಹಳೆಯ ಎಣ್ಣೆ ಟ್ರಾನ್ಸ್‌ಫಾರ್ಮರಿನಲ್ಲಿ ಕೈಚಕ್ರ ತಿರುಗಿಸಿ ಕರೆಂಟು ಹೆಚ್ಚು ಕಡಿಮೆ ಮಾಡುತ್ತಾರೆ; ರಾಡು ಕಬ್ಬಿಣಕ್ಕೆ ಅಂಟಿಕೊಂಡರೂ ಕರೆಂಟು ಮಿತಿಮೀರದಂತೆ ಅದರ ರಚನೆಯೇ ತಡೆಯುತ್ತದೆ. ಮೈಕ್ರೋವೇವಿನದರಲ್ಲಿ ಹೆಚ್ಚು ಕರೆಂಟಿಗೆಂದು ಒಳಗಿನ ಷಂಟ್ ಪಟ್ಟಿಗಳನ್ನೂ ಕಿತ್ತು ಹಾಕಿದರೆ ಆ ತಡೆ ಇರುವುದಿಲ್ಲ.

ಮನೆಯ ವೈರಿಂಗಿನ ಕತೆಯೂ ಕೇಳಬೇಕಾದ್ದೇ. 50 ವೋಲ್ಟ್, 100 ಆಂಪಿಯರ್ ಎಂದರೆ 5,000 ವೋಲ್ಟ್-ಆಂಪಿಯರ್. 230 ವೋಲ್ಟಿನ ಲೈನಿನಿಂದ ಎಳೆಯುವುದು ಸುಮಾರು 22 ಆಂಪಿಯರ್. ಗೀಸರಿನ ಸಾಕೆಟ್ಟು ಇರುವುದೇ 16 ಆಂಪಿಯರಿಗೆ. ಪಕ್ಕದ ಮನೆಯ ಬಲ್ಬು ಮಂಕಾಗುವುದು, ಗೋಡೆಯೊಳಗಿನ ವೈರು ಬಿಸಿಯಾಗುವುದು ಇದರಿಂದಲೇ. ಕಟ್ಟಡ ಕೆಲಸದ ಕಡೆ ಎಷ್ಟೋ ಸಲ ಪ್ಲಗ್ಗೂ ಇರುವುದಿಲ್ಲ: ಎರಡು ವೈರಿನ ತುದಿ ಸುಲಿದು, ಸಾಕೆಟ್ಟಿನ ತೂತಿಗೆ ತುರುಕಿ, ಜಾರದಿರಲೆಂದು ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ಮೂರನೆಯ ವೈರು, ಅರ್ಥಿಂಗ್, ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಜೀವ ಉಳಿಸುವ ವೈರು ಅದೊಂದೇ.

ಅತಿ ದೊಡ್ಡ ಅಪಾಯ ಮಷೀನು ತಯಾರಾಗುವ ಮೊದಲೇ ಇದೆ. ಓವನ್ ಬಿಚ್ಚುವಾಗ ಒಳಗಿನ ಕೆಪ್ಯಾಸಿಟರು, ಪ್ಲಗ್ ತೆಗೆದಿದ್ದರೂ, ಎರಡು ಸಾವಿರಕ್ಕೂ ಹೆಚ್ಚು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಚಾರ್ಜು ತಾನಾಗಿ ಇಳಿಯಲೆಂದು ಅದರೊಳಗೆ ಸಾಮಾನ್ಯವಾಗಿ ರೆಸಿಸ್ಟರ್ ಇರುತ್ತದೆ, ಆದರೆ ಅದು ಸುಟ್ಟಿದೆಯೋ ಇಲ್ಲವೋ ಹೊರಗಿನಿಂದ ಕಾಣದು. ಸೆಕೆಂಡರಿ ಕತ್ತರಿಸುವ ಮೊದಲು ‘ಕೆಲಸ ಮಾಡುತ್ತದೆಯೇ ನೋಡೋಣ’ ಎಂದು ಟ್ರಾನ್ಸ್‌ಫಾರ್ಮರಿಗೆ ಕರೆಂಟು ಕೊಡುವುದಂತೂ ಸಾವಿನ ಜೊತೆ ಸರಸ. ಇದೇ ವೋಲ್ಟಿನಿಂದ ಹಲಗೆಯ ಮೇಲೆ ಮಿಂಚಿನ ಚಿತ್ತಾರ ಸುಡುವ ಹವ್ಯಾಸ ಅಮೆರಿಕದಲ್ಲಿ ಹಲವರ ಜೀವ ತೆಗೆದಿದೆ. ಅಲ್ಲಿನ ಮರ ಕಡೆಯುವವರ (ವುಡ್‌ಟರ್ನರ್‌ಗಳ) ರಾಷ್ಟ್ರೀಯ ಸಂಘ ತನ್ನ ಕಾರ್ಯಕ್ರಮಗಳಲ್ಲಿ ಅದನ್ನು ನಿಷೇಧಿಸಿದೆ.

‘ಮನೆಗೆ ಆರ್‌ಸಿಸಿಬಿ ಹಾಕಿಸಿದ್ದೇವೆ, ಏನಾದರೂ ಆದರೆ ಟ್ರಿಪ್ ಆಗುತ್ತದೆ’ ಎಂಬ ಧೈರ್ಯ ಈಗ ಸಾಮಾನ್ಯ. ಆರ್‌ಸಿಸಿಬಿ ಮಾಡುವುದು ಫೇಸಿನಲ್ಲಿ ಹೋದ ಕರೆಂಟೂ ನ್ಯೂಟ್ರಲಿನಲ್ಲಿ ಮರಳಿದ ಕರೆಂಟೂ ಸಮವೇ ಎಂಬ ತಾಳೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಕಡಿಯುತ್ತದೆ. ಪ್ರೈಮರಿ ಕಬ್ಬಿಣಕ್ಕೆ ತಾಗಿದಾಗ, ಮಷೀನಿನ ಮೈಗೆ ಅರ್ಥಿಂಗ್ ಕೊಟ್ಟಿದ್ದರೆ, ಅದು ಕಾಪಾಡುತ್ತದೆ. ಆದರೆ ಸೆಕೆಂಡರಿಯಲ್ಲಿ ಶಾಕ್ ಹೊಡೆದರೆ ಆ ಕರೆಂಟು ಸೆಕೆಂಡರಿಯೊಳಗೇ ಸುತ್ತು ಹಾಕುತ್ತದೆ. ಬೋರ್ಡಿನ ಮೇಲಿರುವ ಆರ್‌ಸಿಸಿಬಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಎಂಸಿಬಿಯ ಮಾತು ದೂರ: ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ.

ಐವತ್ತು ವೋಲ್ಟ್ ಏನು ಮಾಡೀತು ಎನ್ನುವವರೂ ಇದ್ದಾರೆ. ಒಣಗಿದ ಚರ್ಮಕ್ಕೆ ಹೆಚ್ಚೇನೂ ಮಾಡದಿರಬಹುದು. ಬೆವರಿ ಒದ್ದೆಯಾದ ಮೈಯ ತಡೆ ಒಂದು ಸಾವಿರ ಓಮ್‌ಗೆ ಇಳಿಯಿತೆನ್ನಿ, ಆಗ ಐವತ್ತು ವೋಲ್ಟಿಗೆ 50 ಮಿಲಿಆಂಪಿಯರ್ ಹರಿಯುತ್ತದೆ. ಹತ್ತು ಹದಿನೈದಕ್ಕೇ ಹಿಡಿದ ಕೈ ಬಿಡಲಾಗದು. ಐವತ್ತು ಎದೆಯ ಮೂಲಕ ಹಾದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಅದಕ್ಕೇ ಅಂತರರಾಷ್ಟ್ರೀಯ ಮಾನಕಗಳು ಸಾಮಾನ್ಯ ಜಾಗದಲ್ಲಿ 80 ವೋಲ್ಟ್ ಎಸಿವರೆಗೆ ಒಪ್ಪಿದರೂ, ಒದ್ದೆ ಮತ್ತು ಇಕ್ಕಟ್ಟಿನ ಕಬ್ಬಿಣದ ಜಾಗಕ್ಕೆ 48 ವೋಲ್ಟಿಗೆ ಮಿತಿ ಹಾಕಿವೆ. ಮಳೆಗಾಲದ ಮಂಗಳೂರಿನಲ್ಲಿ ಬರಿಗಾಲಲ್ಲಿ, ಬರಿಗೈಯಲ್ಲಿ ರಾಡು ಬದಲಿಸುವವರು ಈ ಮಾತು ಕೇಳಬೇಕು.

ಇದಕ್ಕಿಂತ ಕೆಟ್ಟದ್ದು ಟ್ರಾನ್ಸ್‌ಫಾರ್ಮರೇ ಇಲ್ಲದ ಉಪ್ಪುನೀರಿನ ಬಕೆಟ್ಟಿನ ವೆಲ್ಡಿಂಗು. ಫೇಸ್ ವೈರನ್ನು ಉಪ್ಪುನೀರಿಗೆ ಇಳಿಸಿ, ಅಲ್ಲಿಂದ ರಾಡಿಗೆ ಎಳೆದು, ಕೆಲಸದ ಕಬ್ಬಿಣಕ್ಕೆ ನ್ಯೂಟ್ರಲ್ ಕಟ್ಟುವುದು. ಆರ್ಕ್ ಇಲ್ಲದಾಗ ರಾಡಿನ ತುದಿಯಲ್ಲಿರುವುದು ಪೂರಾ 230 ವೋಲ್ಟ್. ನ್ಯೂಟ್ರಲ್ ಎಲ್ಲಾದರೂ ಕಿತ್ತರೆ ರಾಡು ತಾಗಿಸಿದೊಡನೆ ಗೇಟಿಗೆ ಗೇಟೇ ಲೈವ್. ಇದನ್ನು ಜಾಣ ಉಪಾಯವೆಂದು ತೋರಿಸುವ ವಿಡಿಯೊಗಳಿಗೆ ಲೈಕು ಒತ್ತುವುದೂ ತಪ್ಪೇ.

ಕಣ್ಣಿನ ವಿಷಯ ಎಲ್ಲರಿಗೂ ಗೊತ್ತು, ಆದರೂ ತಂಪು ಕನ್ನಡಕ ಹಾಕಿಕೊಂಡೇ ವೆಲ್ಡ್ ಮಾಡುತ್ತಾರೆ. ಸಂಜೆ ಕೆಲಸ ಮುಗಿಸಿದವನಿಗೆ ನಡುರಾತ್ರಿ ಕಣ್ಣಲ್ಲಿ ಮರಳು ಸುರಿದಂತಾಗುವುದು ನೇರಳಾತೀತ ಕಿರಣ ಕಾರ್ನಿಯಾ ಸುಟ್ಟದ್ದರಿಂದ. ಹತ್ತು ಅಥವಾ ಹನ್ನೊಂದನೇ ಶೇಡಿನ ಗಾಜೇ ಬೇಕು. ಜಿಐ ಪೈಪು ಸುಟ್ಟಾಗ ಏಳುವ ಬಿಳಿ ಹೊಗೆ ಸತುವಿನದು. ಮುಚ್ಚಿದ ಕೋಣೆಯಲ್ಲಿ ಕುಡಿದರೆ ರಾತ್ರಿಗೆ ಚಳಿಜ್ವರ.

ಹಾಗಾದರೆ ಮಾಡಲೇಬಾರದೇ? ಟ್ರಾನ್ಸ್‌ಫಾರ್ಮರ್ ಹೇಗೆ ಕೆಲಸ ಮಾಡುತ್ತದೆಂದು ಕೈಯಾರೆ ಕಲಿಯಬೇಕೆಂಬ ಐಟಿಐ ಹುಡುಗನಿಗೆ, ಪಕ್ಕದಲ್ಲಿ ತಿಳಿದ ಮೇಷ್ಟ್ರು ನಿಂತಿದ್ದರೆ, ಇದು ಒಳ್ಳೆಯ ಪಾಠ. ದುಡ್ಡು ಉಳಿಸಲೆಂದರೆ ಲೆಕ್ಕ ಕೂಡಿಬರುವುದಿಲ್ಲ. ನಾಲ್ಕೈದು ಕಿಲೋ ತೂಗುವ, ಹೆಗಲಿಗೆ ನೇತುಹಾಕಿ ಒಯ್ಯಬಹುದಾದ ಇನ್ವರ್ಟರ್ ವೆಲ್ಡಿಂಗ್ ಮಷೀನು ಈಗ ಹತ್ತು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ದಪ್ಪ ಕೇಬಲು, ಹೋಲ್ಡರು, ಕ್ಲಾಂಪು ಕೊಳ್ಳುವಷ್ಟರಲ್ಲಿ ಮನೆಯ ಮಷೀನಿಗೂ ಸಾವಿರಾರು ರೂಪಾಯಿ ಹೋಗಿರುತ್ತದೆ. ಯಾವುದೇ ಮಷೀನಾದರೂ ಮೊದಲ ರಾಡು ಹಚ್ಚುವ ಮುಂಚೆ ಒಬ್ಬ ಲೈಸೆನ್ಸು ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಆ ಸಾಕೆಟ್ಟಿಗೆ ಎಷ್ಟು ದಪ್ಪದ ವೈರು ಬಂದಿದೆ, ಮೂರನೇ ಪಿನ್ನು ನಿಜವಾಗಿ ನೆಲ ಮುಟ್ಟಿದೆಯೇ ಎಂದು ಪರೀಕ್ಷಿಸಿಕೊಳ್ಳಿ.