ಅಚ್ಚು ಕೇಳುವ ಮಣ್ಣು

ಶಿಲ್ಪಕ್ಕೆ ಮಣ್ಣು ಆರಿಸುವ ಯೋಚನೆ ಅಚ್ಚಿನಿಂದ ಶುರುವಾಗಬೇಕು. ಮಣ್ಣಿನ ಮೂಲಮೂರ್ತಿಯ ಮೇಲೆ ಮುಂದೆ ಪ್ಲಾಸ್ಟರ್ ಬೀಳುವುದೋ, ಸಿಲಿಕೋನ್ ರಬ್ಬರ್ ಬೀಳುವುದೋ, ಅಥವಾ ಅಚ್ಚಿನ ಗೊಡವೆಯೇ ಇಲ್ಲದೆ ಮೂರ್ತಿಯನ್ನೇ ಒಣಗಿಸಿ ಸುಡುವುದೋ ಎಂಬುದು ಮೊದಲೇ ತೀರ್ಮಾನವಾದರೆ ಅರ್ಧ ಆಯ್ಕೆ ಮುಗಿದಂತೆ. ಕೈಗೆ ಹಿತವಾದ ಮಣ್ಣು ತಂದು, ಅಚ್ಚಿನ ಮಾತು ಆಮೇಲೆ ಎಂದುಕೊಂಡವರ ವಾರಗಟ್ಟಲೆ ದುಡಿಮೆ ಒಂದೇ ದಿನದಲ್ಲಿ ಹಾಳಾಗುವುದುಂಟು.

ಎಲ್ಲಕ್ಕಿಂತ ಹಳೆಯದು, ಅಗ್ಗದ್ದು, ನೀರಿನ ಜೇಡಿಮಣ್ಣು. ಇದರ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಚಪ್ಪಟೆಯವು. ನಡುವೆ ನೀರಿರುವವರೆಗೆ ಅವು ಒಂದರ ಮೇಲೊಂದು ಜಾರುತ್ತವೆ. ಬೆರಳು ಒತ್ತಿದತ್ತ ಮಣ್ಣು ಬಾಗುವುದು ಇದರಿಂದಲೇ. ನೀರು ಆರಿದಂತೆ ಕಣಗಳು ಹತ್ತಿರ ಸರಿದು ಮೂರ್ತಿ ಕುಗ್ಗುತ್ತದೆ, ಒಳಗಿನ ಕಬ್ಬಿಣದ ಚೌಕಟ್ಟು ಕುಗ್ಗುವುದಿಲ್ಲ. ಬಿರುಕು ಬಿಡುವುದು ಹೀಗೆ. ಗಣೇಶನ ಮೂರ್ತಿ ಮಾಡುವವರು ಮಣ್ಣಿಗೆ ಅರಳೆ ಸೇರಿಸಿ ಮಿದ್ದುವುದು ಈ ಬಿರುಕನ್ನು ತಡೆಯಲೆಂದೇ. ಪ್ಲಾಸ್ಟರ್ ಅಚ್ಚಿಗೆ ಹಸಿ ಜೇಡಿಮಣ್ಣಿಗಿಂತ ಒಳ್ಳೆಯ ಜೊತೆ ಸಿಗದು. ಪ್ಲಾಸ್ಟರ್ ಅದಕ್ಕೆ ಅಂಟಿಕೊಳ್ಳುವುದಿಲ್ಲ. ಅಚ್ಚು ಗಟ್ಟಿಯಾದ ಮೇಲೆ ಒಳಗಿನ ಮಣ್ಣನ್ನು ಕೆರೆದು ತೊಳೆದರೆ ಸಾಕು. ಅಲ್ಲಿಯವರೆಗೆ ಮಾತ್ರ ನೀರು ಚಿಮುಕಿಸಿ, ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಕಾಪಾಡಬೇಕು.

ಗಡುಸಾದ ಜೇಡಿಮಣ್ಣನ್ನು ಮತ್ತೆ ಹದಕ್ಕೆ ತರುವುದರಲ್ಲಿ ಒಂದು ಅಚ್ಚರಿಯಿದೆ: ಅರೆ ಒಣಗಿದ್ದಕ್ಕಿಂತ ಪೂರ್ತಿ ಒಣಗಿದ ಮಣ್ಣೇ ಬೇಗ ಕರಗುತ್ತದೆ. ಅರೆಹಸಿ ಮುದ್ದೆಯನ್ನು ನೀರಿಗೆ ಹಾಕಿದರೆ ಹೊರಮೈ ಲೋಳೆಯಾಗಿ, ಒಳಗೆ ಗಂಟು ಹಾಗೇ ಉಳಿಯುತ್ತದೆ. ಅದನ್ನೇ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಒಡೆದು ಸಣ್ಣ ಹೆಂಟೆ ಮಾಡಿ ನೀರಿಗೆ ಬಿಟ್ಟರೆ ರಂಧ್ರಗಳಿಗೆ ನೀರು ನುಗ್ಗಿ ಗಾಳಿಯನ್ನು ಹೊರದೂಡುತ್ತದೆ. ಗುಳ್ಳೆಗಳು ಏಳುತ್ತವೆ, ಅಂಚು ಉದುರುತ್ತದೆ, ಹೆಂಟೆ ತಾನಾಗಿ ಕುಸಿದು ಕೆಸರಾಗುತ್ತದೆ. ಕಲಕದೆ ಒಂದು ದಿನ ಬಿಟ್ಟು ತಿಳಿನೀರು ಬಸಿಯಬೇಕು. ಕೆಸರನ್ನು ದಪ್ಪ ಬಟ್ಟೆಯ ಮೇಲೋ ಪ್ಲಾಸ್ಟರ್ ಹಲಗೆಯ ಮೇಲೋ ಹರಡಿದರೆ ಉಳಿದ ನೀರು ಇಂಗುತ್ತದೆ. ಚಪಾತಿ ಹಿಟ್ಟಿನಂತೆ ಕೈಗೆ ಅಂಟದೆ ಎದ್ದು ಬಂದಾಗ ನಾದಲು ಶುರು ಮಾಡಬಹುದು. ನಾದಿದ ಮುದ್ದೆಯನ್ನು ತಂತಿಯಿಂದ ಸೀಳಿದಾಗ ತೂತಾಗಲಿ ಗಂಟಾಗಲಿ ಕಾಣಬಾರದು. ಬೆರಳು ದಪ್ಪದ ಸುರುಳಿ ಹೊಸೆದು ಬಳೆಯಂತೆ ಬಾಗಿಸಿದಾಗ ಸೀಳು ಬಿಟ್ಟರೆ ನೀರು ಸಾಲದು ಎಂದರ್ಥ. ಅಚ್ಚಿನಿಂದ ಕೆರೆದು ತೆಗೆದ ಮಣ್ಣಿನಲ್ಲಿ ಪ್ಲಾಸ್ಟರಿನ ಚೂರುಗಳು ಸೇರಿರುತ್ತವೆ. ಅದನ್ನು ಸುಡುವ ಕೆಲಸಕ್ಕೆ ಬಳಸಬಾರದು.

ಒಣಗದ ಮಣ್ಣು ಬೇಕೆಂಬ ಹಂಬಲಕ್ಕೆ ಇಂಗ್ಲೆಂಡಿನ ಬಾತ್ ನಗರದ ಕಲಾಶಿಕ್ಷಕ ವಿಲಿಯಂ ಹಾರ್ಬಟ್ 1897ರಲ್ಲಿ ಪ್ಲಾಸ್ಟಿಸಿನ್ ರೂಪಿಸಿದರು; ಶಿಲ್ಪ ಕಲಿಯುವ ತಮ್ಮ ವಿದ್ಯಾರ್ಥಿಗಳ ಅನುಕೂಲಕ್ಕಾಗಿ. ಇಂಥ ಎಣ್ಣೆಮಣ್ಣಿನಲ್ಲಿ ನೀರಿನ ಜಾಗಕ್ಕೆ ಎಣ್ಣೆ, ಮೇಣ ಬಂದಿರುವುದರಿಂದ ತಿಂಗಳುಗಟ್ಟಲೆ ತೆರೆದಿಟ್ಟರೂ ಕುಗ್ಗದು, ಸೀಳದು. ಇದರ ಹದವೆಲ್ಲ ಶಾಖದ್ದು. ಮೃದು ದರ್ಜೆಯದು ಅಂಗೈ ಬಿಸಿಗೇ ಮಣಿಯುತ್ತದೆ, ಆದರೆ ನಮ್ಮ ಬೇಸಿಗೆಯಲ್ಲಿ ಸೂಕ್ಷ್ಮ ಗೆರೆ ನಿಲ್ಲಿಸಿಕೊಳ್ಳುವುದಿಲ್ಲ. ಮುಖದ ಸುಕ್ಕು, ಆಭರಣದ ಕುಸುರಿಗೆ ಗಟ್ಟಿ ದರ್ಜೆಯೇ ಸರಿ. ಅದನ್ನು ಚೂರು ಮಾಡಿ ನೀರು ಹೋಗದ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿಡಬಹುದು, ಬಿಸಿಲಿಗಿಡಬಹುದು, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬಹುದು. ಉರಿಗೆ ನೇರವಾಗಿ ಹಿಡಿಯುವುದು ಅಪಾಯ: ಮೇಣ, ಎಣ್ಣೆ ಎರಡೂ ಹೊತ್ತಿಕೊಳ್ಳುತ್ತವೆ. ಹಳತಾಗಿ ಪುಡಿಯುದುರುವ ಮಣ್ಣಿಗೆ, ಬೆಚ್ಚಗಿರುವಾಗಲೇ ಚೂರು ವ್ಯಾಸಲೀನ್ ಸೇರಿಸಿ ನಾದಿದರೆ ಜೀವ ಬರುತ್ತದೆ. ತೀರಾ ಮೆತ್ತಗಿದ್ದರೆ ಕರಗಿಸಿ ಜೇನುಮೇಣ ಬೆರೆಸಬೇಕು. ಕಾರುಗಳ ವಿನ್ಯಾಸಶಾಲೆಗಳಲ್ಲಿ ಬಳಸುವ ಗಟ್ಟಿ ಮಣ್ಣನ್ನು ಒಲೆಪೆಟ್ಟಿಗೆಯಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮೆತ್ತುತ್ತಾರೆ. ತಣಿದ ಮೇಲೆ ಅದನ್ನು ಹೆರೆದು ನುಣುಪು ಮಾಡುತ್ತಾರೆ.

ಎಣ್ಣೆಮಣ್ಣು ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ ಒಂದು: ಗಂಧಕ ಇದೆಯೇ? ಕೆಲವು ತಯಾರಕರು ನುಣುಪಿಗಾಗಿ ಗಂಧಕ ಸೇರಿಸುತ್ತಾರೆ. ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಸಿಲಿಕೋನಿಗೆ ಗಂಧಕ ವಿಷವಿದ್ದಂತೆ. ಮಣ್ಣಿಗೆ ತಾಗಿದ ಪದರ ಎಷ್ಟು ದಿನ ಕಾದರೂ ಅಂಟಂಟಾಗಿಯೇ ಉಳಿದು, ಮೂರ್ತಿಯೂ ಅಚ್ಚೂ ಒಟ್ಟಿಗೆ ಕೆಡುತ್ತವೆ. ಲೇಟೆಕ್ಸ್ ಕೈಗವಸು ತೊಟ್ಟು ಮುಟ್ಟಿದರೂ ಇದೇ ತೊಂದರೆ. ತವರದ ವೇಗವರ್ಧಕವಿರುವ ಸಿಲಿಕೋನಿಗೆ ಈ ಬಾಧೆ ಕಡಿಮೆ, ಆದರೆ ಅದರ ಅಚ್ಚು ಕಾಲಕ್ರಮದಲ್ಲಿ ಕುಗ್ಗುತ್ತದೆ. ಪಾಲಿಯುರೆಥೇನ್ ರಬ್ಬರಿನ ಶತ್ರು ನೀರು. ಹಸಿ ಜೇಡಿಮಣ್ಣಿನ ಮೇಲೆ ಅದನ್ನು ಸುರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಅಚ್ಚಿನ ಮೈಯೆಲ್ಲ ಗುಳ್ಳೆ.

ಪಿವಿಸಿಯಿಂದ ಮಾಡುವ ಪಾಲಿಮರ್ ಮಣ್ಣು ಓವನ್‌ನಲ್ಲಿ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಗಟ್ಟಿಯಾಗುತ್ತದೆ, ಪುಟ್ಟ ಗೊಂಬೆಗಳಿಗೆ ಚೆನ್ನ. ದೊಡ್ಡ ಮೂರ್ತಿಗೆ ದುಬಾರಿ.

ಡಬ್ಬಿಯ ಮೇಲೆ ಏನೇ ಬರೆದಿರಲಿ, ಹೊಸ ಮಣ್ಣಿನ ಮೇಲೆ ಹೊಸ ರಬ್ಬರ್ ಸುರಿಯುವ ಮುನ್ನ ಮಣ್ಣಿನ ಒಂದು ಬಿಲ್ಲೆ ತಟ್ಟಿ, ಮೇಲೊಂದು ಚಮಚ ರಬ್ಬರ್ ಹಾಕಿ ಮರುದಿನ ಎಬ್ಬಿಸಿ ನೋಡಿ. ತಳ ಒಣಗಿ ಶುಭ್ರವಾಗಿ ಬಿಟ್ಟುಬಂದರೆ ಮಾತ್ರ ಮೂರ್ತಿಗೆ ಕೈ ಹಾಕಿ.