ಮನೆಯೊಳಗೊಂದು ಹವಳದ ತೋಟ, ಮಕ್ಕಳ ಬಾಯಲ್ಲಿ ‘ಯಾಕಂದ್ರೆ’

ನಿಮ್ಮ ಮಗು ‘ಅಮ್ಮ, ಹಸಿವಾಗ್ತಿದೆ’ ಎಂದು ಕನ್ನಡದಲ್ಲೇ ಹೇಳುತ್ತದೆ. ‘ಬಕೆಟ್‌ನಲ್ಲಿ ನೀರು ಯಾಕೆ ಕಮ್ಮಿಯಾಯ್ತು?’ ಎಂದು ನೀವು ಕೇಳಿದರೆ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಹೊರದೇಶದಲ್ಲಿ ಬೆಳೆಯುವ ಬಹಳಷ್ಟು ಕನ್ನಡದ ಮಕ್ಕಳ ಕಥೆ ಇದು. ಊಟ, ಸ್ನಾನ, ನಿದ್ದೆ, ಮುದ್ದು, ಬೈಗುಳ ಎಲ್ಲ ಕನ್ನಡದಲ್ಲಿ ನಡೆಯುತ್ತವೆ. ಕಾರಣ ಕೊಡುವುದು, ಊಹಿಸುವುದು, ವಾದ ಮಾಡುವುದು ಮಾತ್ರ ಶಾಲೆಯ ಭಾಷೆಗೆ ಹೋಗಿಬಿಡುತ್ತವೆ. ಹತ್ತು ವರ್ಷದ ಮಗುವಿನಲ್ಲಿ ಐದು ವರ್ಷದ ಕನ್ನಡ ಉಳಿಯುವುದು ಹೀಗೆ.

ಇದಕ್ಕೆ ಮದ್ದು ಇನ್ನೊಂದು ಅಕ್ಷರಮಾಲೆಯ ಪುಸ್ತಕವಲ್ಲ. ದಿನವೂ ಮಾಡಬೇಕಾದ, ಯೋಚಿಸಿಯೇ ಮಾಡಬೇಕಾದ ಕೆಲಸವೊಂದು ಮನೆಯಲ್ಲಿರಬೇಕು. ಅದರ ಮಾತೆಲ್ಲ ಕನ್ನಡದಲ್ಲಿ ನಡೆಯಬೇಕು. ಕೈತೋಟ ಮಾಡೋಣವೆಂದರೆ ಬಹರೈನಿನ ಬಿಸಿಲು ಬಿಡುವುದಿಲ್ಲ. ಹವಳಗಳಿರುವ ಉಪ್ಪುನೀರಿನ ದೊಡ್ಡ ಅಕ್ವೇರಿಯಂ ಅಂಥದೇ ಒಂದು ತೋಟ, ಮನೆಯೊಳಗಿನದು. ಇದು ಅಗ್ಗದ ಹವ್ಯಾಸವಲ್ಲ, ಸುಲಭದ್ದೂ ಅಲ್ಲ. ಅವಾಲಿಯಲ್ಲಿ ಇನ್ನಷ್ಟು ಕಷ್ಟ. ಆದ್ದರಿಂದ ಕೊಳ್ಳುವ ಮೊದಲು ಏನೇನು ತಿಳಿದಿರಬೇಕು, ಅದರಲ್ಲಿ ಮಕ್ಕಳ ಪಾಲು ಏನು ಎಂಬುದನ್ನು ನೋಡೋಣ.

ಊರು, ನೆಲ, ಕರೆಂಟು

1932ರಲ್ಲಿ ಜೆಬೆಲ್ ದುಖಾನ್ ಗುಡ್ಡದ ಬಳಿ ತೈಲ ಸಿಕ್ಕ ಮೇಲೆ, ಆ ದಶಕದಲ್ಲಿ ತೈಲ ಕಂಪನಿ ತನ್ನ ಕೆಲಸಗಾರರಿಗಾಗಿ ಕಟ್ಟಿದ ಊರು ಅವಾಲಿ. ಸುತ್ತ ಕಡಲಿರುವ ದೇಶದಲ್ಲಿ ಕಡಲಂಚಿನಿಂದ ದೂರ, ದ್ವೀಪದ ನಡುವೆ ಇದೆ. ಇಲ್ಲಿಯ ಹಳೆಯ ಮನೆಗಳು ಹೆಚ್ಚಾಗಿ ನೆಲಮಟ್ಟದ ಬಂಗಲೆಗಳು. ಅದೊಂದು ಅನುಕೂಲ.

ಯಾಕೆಂದರೆ ತೂಕ. 180 ಸೆಂ.ಮೀ. ಉದ್ದ, 60 ಅಗಲ, 60 ಎತ್ತರದ ಟ್ಯಾಂಕಿನಲ್ಲಿ ಸುಮಾರು 600 ಲೀಟರ್ ನೀರು ಹಿಡಿಯುತ್ತದೆ. ನೀರೇ 600 ಕೆ.ಜಿ.ಗಿಂತ ಹೆಚ್ಚು. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಸೇರಿದರೆ ಒಂದು ಟನ್ನಿನ ಹತ್ತಿರ. ಮಹಡಿಯ ಮೇಲಿನ ಫ್ಲಾಟ್‌ನಲ್ಲಿದ್ದರೆ ಕಟ್ಟಡದ ಎಂಜಿನಿಯರ್ ಒಬ್ಬರನ್ನು ಕೇಳದೆ ಇಷ್ಟು ಭಾರ ಇಡಬೇಡಿ.

ಎರಡನೆಯದು ಕರೆಂಟು. ಬಹರೈನಿನಲ್ಲಿ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್. ಅವಾಲಿ ಮಾತ್ರ ಅಮೆರಿಕದ ಪದ್ಧತಿಯ 60 ಹರ್ಟ್ಸ್ ವಿದ್ಯುತ್ತಿಗೆ ಹೆಸರಾಗಿದ್ದ ಊರು. ನಿಮ್ಮ ಮನೆಯ ಸಾಕೆಟ್ಟಿನಲ್ಲಿ ಏನು ಬರುತ್ತಿದೆ ಎಂದು ಎಲೆಕ್ಟ್ರಿಷಿಯನ್‌ನಿಂದ ತಿಳಿದುಕೊಂಡೇ ಪಂಪು, ಚಿಲ್ಲರ್ ಕೊಳ್ಳಿ. ಟ್ಯಾಂಕಿನ ಲೈನಿಗೆ ಇ.ಎಲ್.ಸಿ.ಬಿ. ಇರಲೇಬೇಕು. ಪ್ರತಿ ವೈರನ್ನೂ ಸಾಕೆಟ್ಟಿಗಿಂತ ಕೆಳಗೆ ಜೋತುಬೀಳುವಂತೆ ಬಿಟ್ಟು ಆಮೇಲೆ ಮೇಲೇರಿಸಿ. ವೈರಿನಗುಂಟ ಜಾರಿದ ನೀರು ಆಗ ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಇದನ್ನು ಮಗುವಿಗೆ ತೋರಿಸಿ ‘ಯಾಕೆ ಹೀಗೆ?’ ಎಂದು ಕೇಳಿ. ಮೊದಲ ‘ಯಾಕಂದ್ರೆ’ ಅಲ್ಲಿಂದಲೇ ಶುರುವಾಗಲಿ.

ಕಡಲು ಪಕ್ಕದಲ್ಲೇ ಇದೆ, ನೀರು ಯಾಕೆ ತರಬಾರದು?

ಮಕ್ಕಳು ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಜಗತ್ತಿನ ಸಾಗರಗಳಲ್ಲಿ ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಬಹರೈನಿನ ಸುತ್ತ ಅದು 40 ದಾಟುತ್ತದೆ. ಕೊಲ್ಲಿಯಲ್ಲಿ ಆಳ ಕಡಿಮೆ, ಬಿಸಿಲು ಹೆಚ್ಚು, ಬಂದು ಸೇರುವ ಸಿಹಿನೀರು ಕಡಿಮೆ. ಬೇಸಿಗೆಯಲ್ಲಿ ಇಲ್ಲಿಯ ಹವಳಗಳು 34–35 ಡಿಗ್ರಿಯ ನೀರಿನಲ್ಲಿ ಬದುಕುತ್ತವೆ. ಅಂಗಡಿಯಲ್ಲಿ ಸಿಗುವ ಹವಳಗಳ ಮೂಲ ಹೆಚ್ಚಾಗಿ ಇಂಡೋನೇಷ್ಯಾ, ಆಸ್ಟ್ರೇಲಿಯಾ ಕಡೆಯ ಕಡಲು. ಅವಕ್ಕೆ 25–26 ಡಿಗ್ರಿ ಹಿತ. 30 ದಾಟಿ ದಿನಗಟ್ಟಲೆ ನಿಂತರೆ ಬಿಳುಚಿಕೊಳ್ಳತೊಡಗುತ್ತವೆ. ಅಂದರೆ ಅವಾಲಿಯ ನಿಮ್ಮ ಟ್ಯಾಂಕು ಹೊರಗಿನ ಕಡಲಿಗಿಂತ ತಂಪಾಗಿಯೂ ಕಡಿಮೆ ಉಪ್ಪಾಗಿಯೂ ಇರಬೇಕು.

ಬಿಳುಚಿಕೊಳ್ಳುವುದು ಎಂದರೇನು? ಹವಳ ಗಿಡವಾ, ಪ್ರಾಣಿಯಾ, ಕಲ್ಲಾ ಎಂದು ಮೊದಲು ಮಕ್ಕಳಿಂದ ಊಹೆ ಮಾಡಿಸಿ. ಅದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿದ್ದು, ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ಗಟ್ಟಿ ಹವಳಗಳು ತಮ್ಮ ಅಡಿಯಲ್ಲಿ ಸುಣ್ಣದ ಗೂಡು ಕಟ್ಟುತ್ತಾ ಹೋಗುತ್ತವೆ. ಸೆಖೆ ತಾಳಲಾರದಾಗ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬಿಳಿ ಸುಣ್ಣ ಕಾಣಿಸುತ್ತದೆ. ಅನ್ನ ಕೊಡುವವರನ್ನು ಕಳೆದುಕೊಂಡ ಹವಳ ಹಸಿದು ಸಾಯಬಹುದು. 1996 ಮತ್ತು 1998ರ ಬೇಸಿಗೆಗಳಲ್ಲಿ ಬಹರೈನಿನ ಗಟ್ಟಿಮುಟ್ಟಾದ ಹವಳಗಳೂ ಹೀಗೆ ಬಿಳುಚಿ, ದೊಡ್ಡ ಪ್ರಮಾಣದಲ್ಲಿ ಸತ್ತವು.

ಆದ್ದರಿಂದ ಟ್ಯಾಂಕಿಗೆ ನೀವೇ ನೀರು ತಯಾರಿಸಬೇಕು. ನಲ್ಲಿ ನೀರನ್ನು ಆರ್.ಒ. ಮತ್ತು ಡಿ.ಐ. ಫಿಲ್ಟರಿನಲ್ಲಿ ಪೂರ್ತಿ ಶುದ್ಧ ಮಾಡಿ, ಅದಕ್ಕೆ ಅಕ್ವೇರಿಯಂ ಉಪ್ಪು ಬೆರೆಸಬೇಕು. ಅಡುಗೆಯ ಉಪ್ಪು ನಡೆಯುವುದಿಲ್ಲ. ಕಡಲಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವೂ ಇರಬೇಕಲ್ಲ. ಲೀಟರಿಗೆ 35 ಗ್ರಾಂ ಆದರೆ 600 ಲೀಟರಿಗೆ ಎಷ್ಟು? ಲೆಕ್ಕವನ್ನು ಮಗುವೇ ಕನ್ನಡದಲ್ಲಿ ಬಾಯಿಬಿಟ್ಟು ಮಾಡಲಿ. 21 ಕೆ.ಜಿ. ಉಪ್ಪಿನ ಚೀಲ ಅದರ ಮುಂದೆಯೇ ಇರುವಾಗ ಗುಣಾಕಾರ ಬೇಸರವಾಗುವುದಿಲ್ಲ.

ಹೆಪ್ಪು ಹಾಕಿ ಕಾಯುವುದು

ನೀರು, ಕಲ್ಲು, ಮರಳು ಸೇರಿದ ಮರುದಿನವೇ ಮೀನು ಬಿಡಬಾರದು. ಮೀನಿನ ಹೊಲಸು, ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿನಿಂದ ಅಷ್ಟು ಅಪಾಯವಿಲ್ಲ. ಈ ಬ್ಯಾಕ್ಟೀರಿಯಾಗಳು ಕಲ್ಲಿನ ಸಂದುಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ನಮ್ಮ ಮನೆಗಳಲ್ಲಿ ಇದನ್ನು ವಿವರಿಸಲು ಹೊಸ ಪದ ಬೇಕಿಲ್ಲ. ಹಾಲಿಗೆ ಹೆಪ್ಪು ಹಾಕುತ್ತೇವೆ, ದೋಸೆ ಹಿಟ್ಟು ಹುದುಗಲು ಬಿಡುತ್ತೇವೆ. ಹಿಟ್ಟಿಗೆ ಒಂದು ರಾತ್ರಿ ಸಾಕು, ಟ್ಯಾಂಕಿಗೆ ಒಂದೂವರೆ ತಿಂಗಳು. ವಾರಕ್ಕೆರಡು ಸಲ ಟೆಸ್ಟ್ ಕಿಟ್‌ನಿಂದ ಅಮೋನಿಯಾ, ನೈಟ್ರೈಟ್ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಾರೀಕು, ಉಷ್ಣತೆ, ಉಪ್ಪು, ಆಮೇಲೆ ‘ಇವತ್ತು ಏನು ಕಂಡಿತು’ ಎಂಬ ಒಂದು ವಾಕ್ಯ. ಆ ವಾಕ್ಯ ಮಗುವಿನ ಕೈಬರಹದಲ್ಲಿ, ಕನ್ನಡದಲ್ಲಿ ಇರಲಿ. ಕಾಗುಣಿತ ತಿದ್ದಲು ಹೋಗಬೇಡಿ. ಅಮೋನಿಯಾ ಏರಿ ಇಳಿದು, ನೈಟ್ರೈಟ್ ಏರಿ ಇಳಿದು, ಎರಡೂ ಸೊನ್ನೆಗೆ ಬಂದ ದಿನ ‘ಈಗ ಮೀನು ತರಬಹುದಾ? ಯಾಕೆ?’ ಎಂಬ ಪ್ರಶ್ನೆಗೆ ಆ ಪುಸ್ತಕ ನೋಡಿಕೊಂಡೇ ಮಗು ಉತ್ತರ ಕೊಡಬಲ್ಲದು.

ದಿನದ ಪಾಠ: ಆವಿ

ಎಸಿ ಓಡುವ ಮನೆಯ ಗಾಳಿ ಒಣಗಿರುತ್ತದೆ. ದೊಡ್ಡ ಟ್ಯಾಂಕಿನಿಂದ ದಿನಕ್ಕೆ ಹಲವು ಲೀಟರ್ ನೀರು ಆವಿಯಾಗುತ್ತದೆ. ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಹಾಗಾದರೆ ಕಡಿಮೆಯಾದಷ್ಟು ನೀರನ್ನು ತುಂಬುವಾಗ ಉಪ್ಪುನೀರು ಹಾಕಬೇಕೋ, ಸಿಹಿನೀರೋ? ‘ಸಾರು ಕುದ್ದು ಕುದ್ದು ಬತ್ತಿದರೆ ಏನಾಗತ್ತೆ?’ ಎಂದು ಕೇಳಿ ನೋಡಿ. ಅಡುಗೆಮನೆಯ ಕನ್ನಡ ಗೊತ್ತಿರುವ ಮಗು ಸರಿಯಾದ ಉತ್ತರಕ್ಕೆ ತಾನೇ ಬರುತ್ತದೆ. 600 ಲೀಟರಿನಲ್ಲಿ 60 ಲೀಟರ್ ಆವಿಯಾಗಲು ಬಿಟ್ಟರೆ 35 ಇದ್ದ ಉಪ್ಪು 39ರ ಹತ್ತಿರ ಹೋಗುತ್ತದೆ. ಸಿಹಿನೀರನ್ನು ತಾನಾಗಿ ತುಂಬುವ ಸಾಧನ ಸಿಗುತ್ತದೆ, ಅದನ್ನು ಕೊಳ್ಳಿ. ಆದರೂ ಅದರ ಡ್ರಮ್ಮಿನ ಮೇಲೆ ಗೆರೆ ಎಳೆದು ದಿನವೂ ಅಳೆಯುವ ಕೆಲಸ ಮಗುವಿಗೇ ಇರಲಿ.

ಈ ಆವಿಯೇ ತಂಪನ್ನೂ ಕೊಡುತ್ತದೆ, ಮಣ್ಣಿನ ಹೂಜಿಯ ಹಾಗೆ. 600 ಲೀಟರ್ ಟ್ಯಾಂಕಿನಿಂದ 1 ಲೀಟರ್ ಆವಿಯಾದರೆ ಇಡೀ ನೀರು ಸುಮಾರು 1 ಡಿಗ್ರಿ ತಣ್ಣಗಾಗುವಷ್ಟು ಶಾಖ ಹೊರಹೋಗುತ್ತದೆ. ಹಾಗಾಗಿ ಎಸಿ ಇರುವ ಕೋಣೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೂ ಒಂದೆರಡು ಡಿಗ್ರಿ ಇಳಿಯುತ್ತದೆ. ಅವಾಲಿಯ ಬೇಸಿಗೆಗೆ ಅದು ಸಾಲದು, ಚಿಲ್ಲರ್ ಬೇಕು. ಚಿಲ್ಲರ್ ನೀರಿನ ಶಾಖವನ್ನು ತೆಗೆದು ತನ್ನ ಸುತ್ತಲಿನ ಗಾಳಿಗೆ ಬಿಡುತ್ತದೆ. ಸ್ಟ್ಯಾಂಡಿನ ಬಾಗಿಲೊಳಗೆ ಮುಚ್ಚಿಟ್ಟರೆ ತನ್ನದೇ ಬಿಸಿಯಲ್ಲಿ ಬೇಯುತ್ತದೆ. ಜುಲೈ ತಿಂಗಳಲ್ಲಿ ಅಂಗಳದಲ್ಲಿಟ್ಟರೂ ಅದರ ಶಕ್ತಿ ಕುಗ್ಗುತ್ತದೆ. ಬಿಸಿಗಾಳಿ ಹೊರಹೋಗಲು ದಾರಿಯಿರುವ, ನೆರಳಿನ, ತಂಪು ಕೋಣೆಯೇ ಅದಕ್ಕೆ ಸರಿ.

ಯಾವ ಮೀನು, ಯಾವ ಹವಳ

‘ಫೈಂಡಿಂಗ್ ನೀಮೋ’ ನೋಡಿದ ಮಕ್ಕಳು ಕೇಳುವುದು ಕಿತ್ತಳೆ ಪಟ್ಟೆಯ ಕ್ಲೌನ್ ಮೀನು ಮತ್ತು ನೀಲಿ ಟ್ಯಾಂಗ್. ಮೊದಲನೆಯದು ಸರಿ. ಸಾಕಣೆಯಲ್ಲೇ ಹುಟ್ಟಿದ ಜೋಡಿ ಸಿಗುತ್ತದೆ, ಗಟ್ಟಿ ಮೀನು. ಎರಡನೆಯದು ಒಂದಡಿಯಷ್ಟು ಬೆಳೆದು ದೂರ ಈಜುವ ಮೀನು. ಮೊದಲ ವರ್ಷ ಬೇಡ. ಕ್ಲೌನ್ ಮೀನುಗಳೆಲ್ಲ ಹುಟ್ಟುವಾಗ ಗಂಡು. ಗುಂಪಿನ ಯಜಮಾನಿ ಸತ್ತರೆ ಅವಳ ಜೊತೆಗಾರ ಗಂಡೇ ಹೆಣ್ಣಾಗುತ್ತದೆ. ಹಾಗಾದರೆ ಸಿನಿಮಾದಲ್ಲಿ ನೀಮೋನ ಅಪ್ಪನಿಗೆ ನಿಜಕ್ಕೂ ಏನಾಗಬೇಕಿತ್ತು? ಊಟದ ಹೊತ್ತಿನ ಒಂದು ಇಡೀ ಚರ್ಚೆಗೆ ಇಷ್ಟು ಸಾಕು.

ಈ ಮೀನುಗಳಿಗೆ ನಮ್ಮ ಮನೆಮಾತಿನಲ್ಲಿ ಹೆಸರಿಲ್ಲ. ಹೆಸರಿಡುವ ಹಕ್ಕನ್ನು ಮಕ್ಕಳಿಗೆ ಬಿಡಿ. ‘ಕೋಡಂಗಿ ಮೀನು’ ಅನ್ನಲಿ, ‘ಪಟ್ಟೆ ಮೀನು’ ಅನ್ನಲಿ. ಕಿವಿರು, ಹುರುಪೆ, ರೆಕ್ಕೆ ಎಂಬ ಮಾತುಗಳನ್ನು ಊರಿನ ಅಜ್ಜಿಯ ಬಾಯಿಂದ ಕೇಳಿಸಿ. ಬಹರೈನಿನ ಕನ್ನಡಿಗರಲ್ಲಿ ಕರಾವಳಿಯವರು ಹೆಚ್ಚು; ಬಂಗುಡೆ, ಬೂತಾಯಿ ಕ್ಲೀನ್ ಮಾಡುವ ಅಜ್ಜಿಗೆ ಮೀನಿನ ಮೈ ನಮಗಿಂತ ಚೆನ್ನಾಗಿ ಗೊತ್ತು. ವಾರಕ್ಕೊಮ್ಮೆ ವೀಡಿಯೋ ಕಾಲ್‌ನಲ್ಲಿ ಟ್ಯಾಂಕಿನ ವರದಿ ಒಪ್ಪಿಸುವ ಕೆಲಸ ಮಗುವಿನದಾಗಲಿ. ‘ಊಟ ಆಯ್ತಾ’ದಲ್ಲಿ ಮುಗಿಯುತ್ತಿದ್ದ ಮಾತು ಮುಂದೆ ಹೋಗುತ್ತದೆ.

ಹವಳಗಳಲ್ಲಿ ಮೊದಲು ಮೃದು ಜಾತಿಗಳು, ಅದೂ ಮೂರು ನಾಲ್ಕು ತಿಂಗಳ ನಂತರ. ಗಟ್ಟಿ ಹವಳಗಳಿಗೆ ನೀರು ಸ್ಥಿರವಾಗಿರಬೇಕು. ಲೀಟರಿಗೆ 400–450 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು, ಯಾಕಂದ್ರೆ ಅವು ಕಟ್ಟುವುದು ಸುಣ್ಣದ ಮನೆ. ವರ್ಷ ತುಂಬಿದ ಮೇಲೆ ತಂದರೂ ತಡವಲ್ಲ.

ಪೋಷಕರು ಮರೆಯಬಾರದ ಎರಡು ಮಾತು. ಒಂದು, ಗುಂಡಿಯಂತೆ ಗುಂಪಾಗಿ ಅರಳುವ ಜೋವಾಂತಿಡ್ ಎಂಬ ಬಣ್ಣದ ಜಾತಿಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಭಾರೀ ವಿಷವಿದೆ. ಸಣ್ಣ ಮಕ್ಕಳಿರುವ ಮನೆಗೆ ಅವು ಬೇಡ. ಟ್ಯಾಂಕಿನ ಕಲ್ಲನ್ನು ಎಂದೂ ಕುದಿಸಬೇಡಿ, ಬ್ರಷ್‌ನಿಂದ ಉಜ್ಜಬೇಡಿ. ಕೈಹಾಕುವಾಗ ಗ್ಲೌಸ್ ಇರಲಿ. ಎರಡು, ಊರಿನಿಂದ ಹವಳದ ಚೂರು ತರಬೇಡಿ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಹುಲಿಯ ಜೊತೆಗೆ ದಿಬ್ಬ ಕಟ್ಟುವ ಹವಳಗಳೂ ಇವೆ. ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಸುತ್ತಲಿನ ಹವಳಗಳನ್ನು ರಜೆಯಲ್ಲಿ ನೀರಿಗಿಳಿದು ನೋಡಿ ಬನ್ನಿ, ಬರಿಗೈಯಲ್ಲಿ. ಬಹರೈನಿನ ಕಡಲಿನಿಂದಲೂ ಕೀಳಬೇಡಿ. ಸಾಕಣೆಯಲ್ಲಿ ಬೆಳೆಸಿದ ತುಂಡುಗಳನ್ನೇ ಕೇಳಿ ಕೊಳ್ಳಿ.

ರಜೆಯ ಪ್ರಶ್ನೆ

ಕೊಲ್ಲಿಯ ಕನ್ನಡ ಕುಟುಂಬಗಳು ಊರಿಗೆ ಹೋಗುವುದು ಜುಲೈ–ಆಗಸ್ಟಿನಲ್ಲಿ, ಟ್ಯಾಂಕಿಗೆ ಅತಿ ಕಷ್ಟದ ಕಾಲದಲ್ಲಿ. ಮನೆಯ ಎಸಿ ಆರಿಸುವ ಹಾಗಿಲ್ಲ. ಕರೆಂಟು ಹೋಗಿ ನೀರಿನ ಓಡಾಟ ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಒಂದು ಪಂಪಾದರೂ ಬ್ಯಾಟರಿಯಲ್ಲಿ ಓಡುವಂತಿರಬೇಕು. ಆಹಾರವನ್ನು ದಿನಕ್ಕೊಂದು ಪೊಟ್ಟಣದಂತೆ ಕಟ್ಟಿ ಫ್ರೀಜರಿನಲ್ಲಿಡಿ. ನೋಡಿಕೊಳ್ಳುವ ಪಕ್ಕದ ಮನೆಯವರಿಗೆ ಎರಡು ವಾರ ಮೊದಲೇ ಕೈಹಿಡಿದು ಕಲಿಸಿ. ಮೇ ತಿಂಗಳ ನಂತರ ಹೊಸ ಮೀನು ತರಬೇಡಿ. ಕೆಲಸದ ಕರಾರು ಮುಗಿದು ದೇಶ ಬಿಡುವ ದಿನ ಈ ಟ್ಯಾಂಕು ಜೊತೆಗೆ ಬರುವುದಿಲ್ಲ ಎಂಬುದನ್ನೂ ಮಕ್ಕಳಿಗೆ ಮೊದಲೇ ಹೇಳಿ. ಯಾರಿಗೆ ಕೊಡುತ್ತೇವೆ ಎಂದು ಅವರನ್ನೂ ಕೂರಿಸಿಕೊಂಡು ಯೋಚಿಸಿ.

ಮೊದಲು ಒಂದು ಬಕೆಟ್

ಇಷ್ಟು ಓದಿಯೂ ಉತ್ಸಾಹ ಉಳಿದಿದ್ದರೆ, ಈ ವಾರಾಂತ್ಯ ಮುಹರಕ್‌ಗೆ ಹೋಗಿ. ಅಲ್ಲಿಯ ಮುತ್ತಿನ ವ್ಯಾಪಾರದ ಹಳೆಯ ಮನೆಗಳು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಅವುಗಳ ಗೋಡೆಗಳು ಕಡಲಿನಿಂದ ತೆಗೆದ ಹವಳದ ಕಲ್ಲಿನವು. ಹವಳ ಎಂಬ ಪ್ರಾಣಿ ಏನನ್ನು ಕಟ್ಟುತ್ತದೆ ಎಂದು ಮಕ್ಕಳು ಅಲ್ಲೇ ಕಣ್ಣಾರೆ ನೋಡಲಿ.

ಮನೆಗೆ ಬಂದು 20 ಲೀಟರಿನ ಬಕೆಟ್‌ನಲ್ಲಿ ಉಪ್ಪುನೀರು ಬೆರೆಸಿ. ಒಂದು ಸಣ್ಣ ಪಂಪು, ಥರ್ಮಾಮೀಟರ್, ಉಪ್ಪು ಅಳೆಯುವ ಸಾಧನ, ನೀರಿನ ಮಟ್ಟಕ್ಕೊಂದು ಗೆರೆ, ಪಕ್ಕದಲ್ಲಿ ನೋಟ್‌ಬುಕ್. ಮೀನಿಲ್ಲ, ಹವಳವಿಲ್ಲ. ಮೂವತ್ತು ದಿನ ಆ ನೀರನ್ನು 35ರಲ್ಲೇ ಕಾಯುವ ಜವಾಬ್ದಾರಿ ಮಗುವಿಗೆ. ‘ಯಾಕೆ’ ಎಂದು ಕೇಳುವ ಜವಾಬ್ದಾರಿ ನಿಮಗೆ. ಪುಸ್ತಕದಲ್ಲಿ ಮೂವತ್ತು ಸಾಲು ತುಂಬಿದರೆ ಟ್ಯಾಂಕಿನ ಅಳತೆ ತೆಗೆದುಕೊಳ್ಳಿ. ಹತ್ತನೇ ದಿನಕ್ಕೇ ನಿಂತುಹೋದರೆ ಒಂದು ಬಕೆಟ್ ಉಪ್ಪುನೀರಿಗಿಂತ ಹೆಚ್ಚೇನೂ ನಷ್ಟವಾಗಿರುವುದಿಲ್ಲ. ಆ ಹತ್ತು ಸಾಲಿನ ಕನ್ನಡವಂತೂ ಉಳಿದಿರುತ್ತದೆ.